ಅಸಮಬಲರ ಕಾಳಗ ಮತ್ತು ಶ್ರಾವಕಧರ್ಮ: ಕಲ್ಲಿನ ಸಾಕ್ಷ್ಯ, ಗ್ರಂಥದ ಸಾಕ್ಷ್ಯ

ಆನೇಕಲ್ ತಾಲ್ಲೂಕಿನ ಜಿಗಣಿಯು ಈಗ ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧವಾಗಿದೆ. ಗ್ರಾನೈಟ್ ಕಲ್ಲನ್ನು ಕೊಯ್ದು ಮೆರುಗು ಕೊಡುವ ಕಾರ್ಖಾನೆಗಳೂ ಲೋಹವನ್ನು ಕಡೆದು ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ವರ್ಕ್‌ಶಾಪುಗಳೂ ಅಲ್ಲಿ ಸಾಲುಸಾಲಾಗಿವೆ. ಅಂತಹ ಒಂದು ವರ್ಕ್‌ಶಾಪನ್ನು ನಡೆಸುತ್ತಿರುವ ಶ್ರಾವಕರೊಬ್ಬರು ಈಚೆಗೆ ನನ್ನಲ್ಲಿಗೆ ಬಂದು ಒಂದು ಸಂದೇಹವನ್ನು ಮುಂದಿಟ್ಟರು. ಚಾಲಕನಿಲ್ಲದೆ ಹಾರುವ ಯುದ್ಧಯಂತ್ರಕ್ಕೆ ಬೇಕಾದ ಒಂದು ಚಿಕ್ಕ ಲೋಹಭಾಗವನ್ನು ಮಾಡಿಕೊಡಬೇಕೆಂದು ಅವರಿಗೆ ಬೇಡಿಕೆ ಬಂದಿತ್ತು. ಕೆಲಸ ದೊಡ್ಡದು, ಹನ್ನೆರಡು ಮಂದಿ ಕೆಲಸಗಾರರ ಸಂಬಳ ಅದರಿಂದ ನಿಶ್ಚಿಂತೆಯಾಗಿ ನಡೆಯುವಂತಿತ್ತು. "ಪಂಡಿತರೇ, ಇದು ದೇಶರಕ್ಷಣೆಯೋ, ಹಿಂಸಾದಾನವೋ? ಎದುರಿನವನ ಕೈಯಲ್ಲಿ ಬರೀ ಕೋವಿಯಿದ್ದು ಈ ಕಡೆಯವನು ಆಕಾಶದಿಂದ ಕೊಲ್ಲುವನಾದರೆ ಅದನ್ನು ಯುದ್ಧವೆನ್ನಬಹುದೇ? ನಮ್ಮ ಗ್ರಂಥಗಳಲ್ಲಿ ಇದಕ್ಕೇನಾದರೂ ಉತ್ತರವಿದೆಯೇ?" ಎಂದು ಅವರು ಕೇಳಿದರು.

ಈ ಪ್ರಶ್ನೆಗೆ ಒಡನೆಯೇ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಅಹಿಂಸೆಯೇ ಪರಮಧರ್ಮವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಗೃಹಸ್ಥನಾದ ಶ್ರಾವಕನಿಗೆ, ಅದರಲ್ಲಿಯೂ ರಾಜ್ಯಭಾರವನ್ನೂ ಸೇನಾಪತ್ಯವನ್ನೂ ಹೊತ್ತ ಶ್ರಾವಕರನೇಕರನ್ನು ಕಂಡ ಕನ್ನಡನಾಡಿನ ಜೈನಪರಂಪರೆಗೆ, ಅಷ್ಟು ಉತ್ತರ ಸಾಲದು. ಆದುದರಿಂದ ಸಮಾನಬಲವಿಲ್ಲದ ಎರಡು ಪಕ್ಷಗಳ ನಡುವಣ ಶಸ್ತ್ರಸಂಘರ್ಷವನ್ನು ನಮ್ಮ ಗ್ರಂಥಗಳೂ ಶಾಸನಗಳೂ ಹೇಗೆ ಕಂಡಿವೆ ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬೇಗೂರಿನ ವೀರಗಲ್ಲು

ಪ್ರಶ್ನೆ ಬಂದುದು ಜಿಗಣಿಯಿಂದ. ಅದಕ್ಕೆ ಸಂಬಂಧಿಸಿದ ಹಳೆಯ ಸಾಕ್ಷ್ಯವೊಂದು ಅಲ್ಲಿಗೆ ಬಹುದೂರವಲ್ಲದ ಬೇಗೂರಿನಲ್ಲಿಯೇ ದೊರೆತಿದೆ. ಗಂಗರ ಕಾಲದಲ್ಲಿ ಬೆಂಪೂರು ಎನಿಸಿದ್ದ ಈ ಊರಿನ ವೀರಗಲ್ಲನ್ನು ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕ್ರಿ.ಶ. ಸುಮಾರು 900ರ ಆಸುಪಾಸಿನ ಈ ಶಾಸನದ ಸಾರಾಂಶ ಹೀಗಿದೆ: ಗಂಗ ದೊರೆ ಎರೆಯಪ್ಪನು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದಾಗ, ಬೀರಮಹೇಂದ್ರನೊಡನೆ ಕಾದಬೇಕಾಗಿದ್ದ ಅಯ್ಯಪದೇವನಿಗೆ ನೆರವಾಗಿ ಸಾಮಂತರೊಡನೆ ನಾಗತ್ತರನನ್ನು ದಂಡು ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾಳಗ ನಡೆಯಿತು. ಕಾಳಗವು ಕೈಮೀರಿದಾಗ ನಾಗತ್ತರನು ಆನೆಗಳಿಗೆ ಇದಿರಾಗಿ ನಿಂತು ಇರಿದು ಸತ್ತನು. ಅದನ್ನು ಕೇಳಿ ಮೆಚ್ಚಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ಸೋಲು ನಿಶ್ಚಿತವೆಂದು ತಿಳಿದ ಮೇಲೂ ಒಬ್ಬನು ತನಗಿಂತ ಬಹುಪಾಲು ಹೆಚ್ಚಿನ ಬಲಕ್ಕೆ ಇದಿರಾದನೆಂಬುದು. ಎರಡನೆಯದು, ಆ ಸಾವಿಗೆ ಸಮಾಜವು ಬೆಲೆ ಕಟ್ಟಿದ ರೀತಿ. ಕಲ್ಲು ನಿಂತಿತು, ಪಟ್ಟ ಉಳಿಯಿತು, ಹನ್ನೆರಡು ಹಳ್ಳಿಗಳ ಕೊಡುಗೆಯಾಯಿತು. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಬೇಗೂರಿನ ಮತ್ತೊಂದು ಶಾಸನವೂ ಕಾಳಗದಲ್ಲಿ ಮಡಿದುದರ ನೆನಪೇ ಆಗಿದೆ; ಅದು ಕೂಡ ನಾಗತ್ತರನ ಮನೆಗೆ ಸಂಬಂಧಿಸಿದ್ದು. ದುರ್ಬಲನು ಬಲಿಷ್ಠನಿಗೆ ಇದಿರಾಗಿ ಸಾಯುವುದನ್ನು ಈ ಕಲ್ಲುಗಳು ನಿಸ್ಸಂಶಯವಾಗಿ ಪುಣ್ಯವೆಂದು ಬಗೆದಿವೆ. ಕನ್ನಡನಾಡಿನ ಇತರ ಅನೇಕ ವೀರಗಲ್ಲುಗಳಲ್ಲಿ ಕಾಳಗದ ಪಟ್ಟಿಕೆಯ ಮೇಲೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ಪಟ್ಟಿಕೆಯಿರುವುದು ಎಲ್ಲರಿಗೂ ತಿಳಿದ ವಿಷಯ. ಈ ಲೋಕದೃಷ್ಟಿಯನ್ನು ಜೈನಗ್ರಂಥಗಳು ಒಪ್ಪುತ್ತವೆಯೇ ಎಂಬುದೇ ನಮ್ಮ ಮುಂದಿನ ಪ್ರಶ್ನೆ.

2. ಸೋಮದೇವಸೂರಿಯ ನೀತಿ

ರಾಜನೀತಿಯಲ್ಲಿ ಜೈನದೃಷ್ಟಿಯನ್ನು ಅರಿಯಲು ಸೋಮದೇವಸೂರಿಯ ನೀತಿವಾಕ್ಯಾಮೃತವನ್ನು ನೋಡುವುದು ಉಚಿತ. ಯಶಸ್ತಿಲಕಚಂಪುವನ್ನು ಕ್ರಿ.ಶ. 959ರಲ್ಲಿ ಮುಗಿಸಿದ ಈ ಆಚಾರ್ಯನು ವೇಮುಲವಾಡದ ಚಾಲುಕ್ಯರ ಆಶ್ರಯದ ಪರಿಸರದವನು. ಹದಿನೆಂಟು ವರ್ಷಗಳ ಹಿಂದೆ, 941ರಲ್ಲಿ, ಅದೇ ಮನೆತನದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು ಆದಿಪುರಾಣವನ್ನು ರಚಿಸಿದ್ದನು. ಕಾಳಗದ ಧೂಳನ್ನು ಹತ್ತಿರದಿಂದ ಕಂಡ ಪರಿಸರವದು. ಆದುದರಿಂದ ಇವರ ಮಾತನ್ನು ಯುದ್ಧವರಿಯದವರ ಮಾತೆಂದು ತಳ್ಳಿಹಾಕುವಂತಿಲ್ಲ.

ಯುದ್ಧಸಮುದ್ದೇಶದಲ್ಲಿ ಸೋಮದೇವನು ಬುದ್ಧಿಯ ಯುದ್ಧಕ್ಕೆ ಮೊದಲ ಸ್ಥಾನವನ್ನು ಕೊಡುತ್ತಾನೆ; ಪ್ರಾಜ್ಞರ ಪ್ರಜ್ಞೆ ಸಾಧಿಸುವಷ್ಟನ್ನು ಬಾಣಗಳು ಸಾಧಿಸಲಾರವೆಂಬುದು ಅವನ ಅಭಿಪ್ರಾಯ. ತನಗಿಂತ ಹಿರಿಯ ಬಲದವನೊಡನೆ ವಿಗ್ರಹ ಹೂಡುವುದನ್ನು ಅವನು ಆನೆಯೊಡನೆ ಕಾಲಾಳು ಹೋರಾಡುವುದಕ್ಕೆ ಹೋಲಿಸುತ್ತಾನೆ. ಸಮಬಲರ ಯುದ್ಧವು ಎರಡು ಹಸಿ ಮಡಕೆಗಳು ಡಿಕ್ಕಿಹೊಡೆದಂತೆ, ಎರಡೂ ಒಡೆಯುತ್ತವೆ. ಈ ಹೋಲಿಕೆಗಳು ಕೌಟಿಲ್ಯನ ಅರ್ಥಶಾಸ್ತ್ರದಿಂದ ಬಂದವು. ಬೇಗೂರಿನ ಕಲ್ಲಿನಲ್ಲಿ ಶೌರ್ಯವೆನಿಸಿದ್ದು ಇಲ್ಲಿ ಅವಿವೇಕದ ನಿದರ್ಶನವಾಗುತ್ತದೆ. ಆನೆಗೆ ಇದಿರಾದ ಕಾಲಾಳು ಕಲ್ಲಿಗೆ ವೀರ, ನೀತಿಶಾಸ್ತ್ರಕ್ಕೆ ತಪ್ಪು ಲೆಕ್ಕ ಹಾಕಿದವನು.

ಆದರೆ ಸೋಮದೇವನು ದುರ್ಬಲನಿಗೆ ಬುದ್ಧಿ ಹೇಳುವುದರಲ್ಲಿಯೇ ನಿಲ್ಲುವುದಿಲ್ಲ. ಬಲಿಷ್ಠನನ್ನು ಕುರಿತು ಅವನು ಮಾಡುವ ವಿಭಾಗ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಗೆಲ್ಲುವವರಲ್ಲಿ ಮೂರು ಬಗೆ. ಎದುರಿನವನು ವಿಧೇಯನಾದರೆ ಅಷ್ಟಕ್ಕೇ ತೃಪ್ತನಾಗಿ ಅವನ ಪ್ರಾಣ, ಅರ್ಥ, ಮಾನಗಳಿಗೆ ಕೈಯಿಕ್ಕದವನು ಧರ್ಮವಿಜಯಿ. ದ್ರವ್ಯವನ್ನು ಪಡೆದು ಸಂತೋಷಿಸಿ ಪ್ರಾಣ ಮತ್ತು ಮಾನವನ್ನು ಉಳಿಸುವವನು ಲೋಭವಿಜಯಿ. ಪ್ರಾಣ, ಅರ್ಥ, ಮಾನ ಮೂರನ್ನೂ ಕೆಡಿಸಿ ನೆಲವನ್ನು ಬಯಸುವವನು ಅಸುರವಿಜಯಿ. ಈ ವಿಭಾಗವೂ ಕೌಟಿಲ್ಯನಲ್ಲಿ ಇರುವುದೇ. ಆದರೆ ಕೌಟಿಲ್ಯನು ಗೆದ್ದವನು ಏನನ್ನು ಪಡೆದು ತೃಪ್ತನಾಗುತ್ತಾನೆ ಎಂಬುದನ್ನು ಎಣಿಸಿದರೆ, ಸೋಮದೇವನು ಸೋತವನ ಪ್ರಾಣ, ಅರ್ಥ, ಮಾನಗಳಲ್ಲಿ ಯಾವುದು ಉಳಿಯಿತು ಎಂಬುದನ್ನು ಅಳತೆಗೋಲಾಗಿಸುತ್ತಾನೆ. ಬಲ ಹೆಚ್ಚಿದಷ್ಟೂ ಉಳಿಸಿಕೊಡುವ ಹೊಣೆ ಹೆಚ್ಚುತ್ತದೆ ಎಂಬುದು ಇದರಿಂದ ಫಲಿಸುವ ಅರ್ಥ.

ಯಶಸ್ತಿಲಕದಲ್ಲಿ ಇನ್ನೂ ಸ್ಪಷ್ಟವಾದ ನಿಯಮವೊಂದಿದೆ. ರಾಜರ ಶಸ್ತ್ರವು ಸಮರದಲ್ಲಿ ಶಸ್ತ್ರ ಹಿಡಿದು ನಿಂತ ಶತ್ರುವಿನ ಮೇಲೆ, ಇಲ್ಲವೇ ತನ್ನ ಮಂಡಲಕ್ಕೆ ಕಂಟಕನಾದವನ ಮೇಲೆ ಮಾತ್ರ ಬೀಳಬೇಕು. ದೀನರ ಮೇಲೆ, ಗತಿಯಿಲ್ಲದವರ ಮೇಲೆ, ಶುಭಾಶಯದವರ ಮೇಲೆ ಬೀಳತಕ್ಕುದಲ್ಲ. ಯೋಧ ಮತ್ತು ಅಯೋಧ ಎಂಬ ಭೇದವನ್ನು ಹತ್ತನೆಯ ಶತಮಾನದ ದಕ್ಷಿಣಾಪಥದ ಜೈನಾಚಾರ್ಯನು ಹೀಗೆ ನಿರೂಪಿಸಿದ್ದಾನೆ. ಯುದ್ಧದ ನ್ಯಾಯಸಮ್ಮತ ಗುರಿಯು ಶತ್ರುವಿನ ಸೈನ್ಯಬಲವನ್ನು ಕುಂದಿಸುವುದಷ್ಟೇ ಎಂದು 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆಯಲ್ಲಿ ಹಲವು ರಾಷ್ಟ್ರಗಳು ಒಪ್ಪಿದವು. ನಾಗರಿಕರನ್ನೂ ಯೋಧರನ್ನೂ ಬೇರೆಬೇರೆಯಾಗಿ ಕಾಣಬೇಕೆಂಬ ನಿಯಮವು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಅಧಿಕ ಒಪ್ಪಂದದಲ್ಲಿ ವಿಸ್ತಾರವಾಗಿ ಬಂದಿದೆ. ಈ ಕಾನೂನುಗಳು ಬಲಾಬಲವನ್ನು ನೋಡದೆ ಎರಡೂ ಪಕ್ಷಗಳನ್ನು ಒಂದೇ ನಿಯಮದಿಂದ ಕಟ್ಟುತ್ತವೆ. ಸೋಮದೇವನಾದರೋ ಸಮಾನ ನಿಯಮದ ಜೊತೆಗೆ ಗೆದ್ದವನಿಗೆ ಬೇರೊಂದು ಪರೀಕ್ಷೆಯನ್ನೂ ಇಟ್ಟಿದ್ದಾನೆ.

3. ಸಾರಥಿಯಿಲ್ಲದ ರಥ

ಜಿಗಣಿಯ ಶ್ರಾವಕರ ಪ್ರಶ್ನೆಯು ಚಾಲಕನಿಲ್ಲದ ಯಂತ್ರವನ್ನು ಕುರಿತದ್ದು. ಇದಕ್ಕೆ ಅತಿಸಮೀಪದ ದೃಷ್ಟಾಂತವು ಶ್ವೇತಾಂಬರ ಆಗಮವಾದ ವ್ಯಾಖ್ಯಾಪ್ರಜ್ಞಪ್ತಿಯ ಏಳನೆಯ ಶತಕದ ಒಂಬತ್ತನೆಯ ಉದ್ದೇಶಕದಲ್ಲಿದೆ. ದಿಗಂಬರ ವಿದ್ವಾಂಸರು ಈ ಗ್ರಂಥವನ್ನು ಆಗಮವೆಂದು ಅಂಗೀಕರಿಸದಿದ್ದರೂ ಪ್ರಾಚೀನ ಸಾಕ್ಷ್ಯವೆಂದು ಪರಿಶೀಲಿಸಲು ಅಡ್ಡಿಯಿಲ್ಲ.

ಮಗಧದ ಕೂಣಿಕನಿಗೂ ಒಂಬತ್ತು ಮಲ್ಲಕಿಗಳು ಒಂಬತ್ತು ಲಿಚ್ಛವಿಗಳೆಂಬ ಹದಿನೆಂಟು ಗಣರಾಜರಿಗೂ ನಡೆದ ಎರಡು ಸಂಗ್ರಾಮಗಳು ಅಲ್ಲಿ ವರ್ಣಿತವಾಗಿವೆ. ಮಹಾಶಿಲಾಕಂಟಕವೆಂಬ ಮೊದಲನೆಯದರಲ್ಲಿ ಹುಲ್ಲಾಗಲಿ ಕಡ್ಡಿಯಾಗಲಿ ಎಲೆಯಾಗಲಿ ತಾಗಿದರೂ ಮಹಾಶಿಲೆ ಬಿದ್ದಂತಾಗುತ್ತಿತ್ತು. ರಥಮುಸಲವೆಂಬ ಎರಡನೆಯದರಲ್ಲಿ ಕುದುರೆಯಿಲ್ಲದ, ಸಾರಥಿಯಿಲ್ಲದ, ಯೋಧನಿಲ್ಲದ ರಥವೊಂದು ಒನಕೆಯನ್ನು ಹೊತ್ತು ಓಡಾಡುತ್ತ ಜನಸಂಹಾರ ಮಾಡಿತು. ಮೊದಲ ಸಂಗ್ರಾಮದಲ್ಲಿ 84 ಲಕ್ಷ, ಎರಡನೆಯದರಲ್ಲಿ 96 ಲಕ್ಷ ಜನ ಸತ್ತರೆಂದು ಗ್ರಂಥ ಹೇಳುತ್ತದೆ. ಸಂಖ್ಯೆಗಳು ಪೌರಾಣಿಕವೆಂಬುದು ಸ್ಪಷ್ಟ; ಗ್ರಂಥಕಾರನ ಆಶಯ ಮಾತ್ರ ಪೌರಾಣಿಕವಲ್ಲ. ಒಂದು ಪಕ್ಷವು ತಾನು ಅಪಾಯಕ್ಕೆ ಒಡ್ಡಿಕೊಳ್ಳದೆಯೇ ಇನ್ನೊಂದು ಪಕ್ಷವನ್ನು ಕೊಲ್ಲಬಲ್ಲ ಸ್ಥಿತಿಯನ್ನು ಅವನು ಕಲ್ಪಿಸಿ ತೋರಿಸಿದ್ದಾನೆ.

ಈ ಸಂಹಾರದ ನಡುವೆ ವರುಣನೆಂಬ ವೈಶಾಲಿಯ ಶ್ರಾವಕನ ವೃತ್ತಾಂತವಿದೆ. ಅವನು ವ್ರತಿ; ಎರಡೆರಡು ದಿನಗಳ ಉಪವಾಸವನ್ನು ನಡೆಸುತ್ತಿದ್ದವನು. ರಾಜಾಜ್ಞೆಯಾದುದರಿಂದ ರಥಮುಸಲ ಸಂಗ್ರಾಮಕ್ಕೆ ಹೊರಟನು. ತನ್ನನ್ನು ಮೊದಲು ಹೊಡೆದವನನ್ನು ಮಾತ್ರ ಹೊಡೆಯುವೆನು, ಇತರರನ್ನು ಹೊಡೆಯಲಾರೆನು ಎಂದು ಅವನು ನಿಯಮ ಮಾಡಿಕೊಂಡಿದ್ದನು. ತನ್ನಂತೆಯೇ ವಯಸ್ಸು, ಸಜ್ಜುಗಳುಳ್ಳ ಎದುರಾಳಿಯೊಬ್ಬನು ಬಂದು ಹೊಡೆಯೆಂದು ಕರೆದಾಗ, ಹೊಡೆಯದವನನ್ನು ಹೊಡೆಯುವುದು ತನಗೆ ಕಲ್ಪಿಸದೆಂದು ವರುಣನು ತಿಳಿಸಿದನು. ಎದುರಾಳಿ ಬಾಣ ಬಿಟ್ಟನು. ಗಾಢವಾಗಿ ಗಾಯಗೊಂಡ ಮೇಲೆ ವರುಣನು ಒಂದೇ ಬಾಣದಿಂದ ಅವನನ್ನು ಕೆಡವಿ, ರಥವನ್ನು ಏಕಾಂತಕ್ಕೆ ತಿರುಗಿಸಿ, ದರ್ಭೆಯನ್ನು ಹಾಸಿ ಕುಳಿತು, ಸರ್ವಹಿಂಸೆಗೂ ಪ್ರತ್ಯಾಖ್ಯಾನ ಮಾಡಿ, ಆಲೋಚನೆ ಪ್ರತಿಕ್ರಮಣಗಳನ್ನು ಮುಗಿಸಿ ದೇಹವನ್ನು ಬಿಟ್ಟನು; ದೇವಲೋಕದಲ್ಲಿ ಹುಟ್ಟಿದನು.

ಇದನ್ನು ಕಂಡ ಜನರು, ಯುದ್ಧದಲ್ಲಿ ಸತ್ತವರೆಲ್ಲರೂ ದೇವಲೋಕಕ್ಕೆ ಹೋಗುತ್ತಾರೆಂದು ಹೇಳತೊಡಗಿದರು. ಗೌತಮನು ಈ ಲೋಕವಾರ್ತೆಯ ನಿಜವೇನೆಂದು ಕೇಳಿದಾಗ ಭಗವಾನರು ಅದನ್ನು ಮಿಥ್ಯೆಯೆಂದು ನಿರಾಕರಿಸಿದರೆಂದು ಗ್ರಂಥ ಹೇಳುತ್ತದೆ. ಆ ಯುದ್ಧದಲ್ಲಿ ಸತ್ತವರಲ್ಲಿ ಬಹುಪಾಲು ಮಂದಿ ನರಕ ತಿರ್ಯಂಚಗತಿಗಳಿಗೆ ಹೋದರು. ವರುಣನಿಗೆ ದೇವಗತಿ ದೊರೆತುದು ಕಾಳಗದ ಫಲವಲ್ಲ. ಕಾಳಗದಿಂದ ಹಿಂದೆ ಸರಿದು ಮಾಡಿದ ಪ್ರತ್ಯಾಖ್ಯಾನದ ಫಲ. ವೀರಗಲ್ಲಿನ ಅಪ್ಸರೆಯರಿಗೆ ಇಲ್ಲಿ ಸ್ಥಳವಿಲ್ಲ. ದುರ್ಬಲ ಪಕ್ಷದವನಾದ ಮಾತ್ರಕ್ಕೆ, ಸತ್ತ ಮಾತ್ರಕ್ಕೆ, ಯಾರೂ ಪುಣ್ಯವಂತರಾಗುವುದಿಲ್ಲ ಎಂಬುದು ಈ ವೃತ್ತಾಂತದ ಕಠಿನವಾದ ತೀರ್ಮಾನ.

4. ಭರತ-ಬಾಹುಬಲಿ: ಯುದ್ಧವನ್ನು ಕಿರಿದಾಗಿಸಿದವರು ಯಾರು?

ಅಸಮಬಲರ ಯುದ್ಧಕ್ಕೆ ನಮ್ಮ ಪರಂಪರೆಯ ಆದ್ಯ ದೃಷ್ಟಾಂತ ಭರತ-ಬಾಹುಬಲಿಯರದು. ಈ ಕಥೆಯನ್ನು ನಾವು ವೈರಾಗ್ಯದ ಕಥೆಯಾಗಿ ಓದುವ ರೂಢಿಯಿಂದ ಅದರ ರಾಜಕೀಯ ಸ್ಥಿತಿಯನ್ನು ಮರೆತುಬಿಡುತ್ತೇವೆ. ಒಂದು ಕಡೆ ಷಟ್ಖಂಡವನ್ನು ಗೆದ್ದ ಚಕ್ರವರ್ತಿ. ಅವನ ಕೈಯಲ್ಲಿ ದೇವತೆಗಳು ಕಾಯುವ ಚಕ್ರರತ್ನ. ಇನ್ನೊಂದು ಕಡೆ ಪೌದನಪುರವೆಂಬ ಒಂದೇ ರಾಜ್ಯ. ಉಳಿದ ತಮ್ಮಂದಿರು ಶರಣಾಗಲೂ ಇಲ್ಲ, ಕಾದಲೂ ಇಲ್ಲ. ತಂದೆಯ ಬಳಿಗೆ ಹೋಗಿ ದೀಕ್ಷೆಯನ್ನು ಹೊಂದಿದರು. ದುರ್ಬಲನ ಮುಂದೆ ಅಧೀನತೆ ಮತ್ತು ಯುದ್ಧವೆಂಬ ಎರಡೇ ದಾರಿಗಳಿವೆಯೆಂಬ ಮಾತನ್ನು ಅವರು ಸುಳ್ಳಾಗಿಸಿದರು. ಬಾಹುಬಲಿಯೊಬ್ಬನೇ ರಾಜನಾಗಿ ಉಳಿದು ವಿರೋಧಿಸಿದನು.

ಎರಡು ಸೈನ್ಯಗಳು ಎದುರಾದ ಮೇಲೆ ಸಂಹಾರವನ್ನು ತಡೆದು ದ್ವಂದ್ವಯುದ್ಧವಾಗಲಿ ಎಂದವರು ಯಾರು? ಗ್ರಂಥಗಳನ್ನು ಎದುರುಬದುರಾಗಿಟ್ಟು ನೋಡಿದರೆ ಇಲ್ಲಿ ಮಹತ್ವದ ಭೇದ ಕಾಣುತ್ತದೆ. ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿ ಈ ಮಾತನ್ನಾಡುವವನು ಬಾಹುಬಲಿಯೇ: ಜನರನ್ನೇಕೆ ಕೊಲ್ಲಬೇಕು, ನಾವಿಬ್ಬರೇ ಹೋರಾಡೋಣ ಎಂಬುದು ಅವನ ನಿಲುವು. ಅಲ್ಲಿ ದೃಷ್ಟಿ ಮತ್ತು ಮುಷ್ಟಿಯುದ್ಧಗಳ ಪ್ರಸ್ತಾಪವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಎರಡೂ ಪಕ್ಷದ ಮಂತ್ರಿಗಳು ವಿಚಾರಮಾಡಿ ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಗೊತ್ತುಪಡಿಸುತ್ತಾರೆ. ಪಂಪನು ಅವರನ್ನು ಅನುಸರಿಸಿದ್ದಾನೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ದೇವತೆಗಳು ಬಂದು ಇಬ್ಬರನ್ನೂ ಒಪ್ಪಿಸುತ್ತಾರೆ. ಅಲ್ಲಿ ಸ್ಪರ್ಧೆಗಳು ದೃಷ್ಟಿ, ವಾಕ್, ಬಾಹು, ಮುಷ್ಟಿ, ದಂಡ ಎಂದು ಐದು. 1557ರ ರತ್ನಾಕರವರ್ಣಿಯ ಭರತೇಶವೈಭವದಲ್ಲಂತೂ ಯುದ್ಧವೇ ನಡೆಯದೆ ಭರತನ ಮೃದುವಚನದಿಂದಲೇ ತಮ್ಮನ ಮನಸ್ಸು ಕರಗುತ್ತದೆ.

ಗ್ರಂಥಸಂಪಾದನೆಯಲ್ಲಿ ಪಾಠಾಂತರವನ್ನು ಗುರುತಿಸುವಷ್ಟೇ ಎಚ್ಚರದಿಂದ ಈ ಕಥಾಂತರವನ್ನೂ ಗುರುತಿಸಬೇಕು. ಒಂದರಲ್ಲಿ ಜನರ ಪ್ರಾಣದ ಹೊಣೆ ದುರ್ಬಲ ಪಕ್ಷದ ರಾಜನದು, ಇನ್ನೊಂದರಲ್ಲಿ ಮಂತ್ರಿಗಳದು, ಮತ್ತೊಂದರಲ್ಲಿ ದೇವತೆಗಳದು, ಕೊನೆಯದರಲ್ಲಿ ಬಲಿಷ್ಠನದು. ಯಾವ ಗ್ರಂಥದಲ್ಲಿಯೂ ಹೊಣೆಯಿಲ್ಲದವರೆಂದು ಯಾರನ್ನೂ ಬಿಟ್ಟಿಲ್ಲ. ನೆಲಕ್ಕಾಗಿ ಜಗಳವಾಡದ ಸಾಮಾನ್ಯ ಸೈನಿಕನು ಸಾಯತಕ್ಕವನಲ್ಲವೆಂಬುದು ಎಲ್ಲರಿಗೂ ಸಮ್ಮತವಾದ ಅಂಶ.

ಇನ್ನೊಂದು ಸೂಕ್ಷ್ಮವಿದೆ. ದ್ವಂದ್ವಯುದ್ಧವು ಸಮಯುದ್ಧವೆಂದು ನಾವು ಭಾವಿಸುತ್ತೇವೆ. ಆದರೆ ಭರತನ ದೇಹೋತ್ಸೇಧ 500 ಧನುಸ್ಸು, ಬಾಹುಬಲಿಯದು 525. ಕಣ್ಣೆತ್ತಿ ನೋಡಬೇಕಾದವನು ಅಣ್ಣ, ಕೆಳಗೆ ನೋಡುವವನು ತಮ್ಮ. ಎರಚಿದ ನೀರು ಒಬ್ಬನ ಮುಖಕ್ಕೆ ತಾಗಿದರೆ ಮತ್ತೊಬ್ಬನ ಎದೆಗಷ್ಟೇ ಮುಟ್ಟುತ್ತದೆ. ಸೈನ್ಯದಲ್ಲಿ ಬಲಿಷ್ಠನಾದವನು ದೇಹದಲ್ಲಿ ದುರ್ಬಲನಾದನು. ಆದುದರಿಂದ ಸಮಬಲವೆಂಬುದು ಯಾವ ಯುದ್ಧದಲ್ಲಿಯೂ ದೊರೆಯುವ ವಸ್ತುವಲ್ಲ. ಧರ್ಮಯುದ್ಧವೆನ್ನಿಸುವುದು ಬಲದ ಸಮತೆಯಿಂದಲ್ಲ, ಒಪ್ಪಿಕೊಂಡ ನಿಯಮವನ್ನು ಸೋಲಿನಲ್ಲಿಯೂ ಪಾಲಿಸುವುದರಿಂದ.

ಭರತನು ತಪ್ಪಿದ್ದು ಇಲ್ಲಿಯೇ. ಮೂರರಲ್ಲಿಯೂ ಸೋತ ಮೇಲೆ ಅವನು ಚಕ್ರವನ್ನು ಪ್ರಯೋಗಿಸಿದನು. ಅಂದರೆ ಬದಿಗಿಟ್ಟಿದ್ದ ತನ್ನ ಅಧಿಕಬಲವನ್ನು ಒಪ್ಪಂದ ಮುರಿದು ಮತ್ತೆ ಎತ್ತಿಕೊಂಡನು. ಚಕ್ರವು ಅವಧ್ಯನಾದ ಬಾಹುಬಲಿಯನ್ನು ಸುತ್ತಿ ತೇಜಸ್ಸುಗುಂದಿ ನಿಂತಿತು. ಆಯುಧವು ತನ್ನ ಒಡೆಯನಿಗಿಂತ ಹೆಚ್ಚು ವಿವೇಕವನ್ನು ತೋರಿಸಿತೆಂದು ಹೇಳಬಹುದು. ಆದರೆ ನಮ್ಮ ಕಾಲದ ಆಯುಧಗಳಿಗೆ ಆ ಗುಣವಿಲ್ಲ. ಅವು ಕಳುಹಿಸಿದಲ್ಲಿಗೆ ಹೋಗುತ್ತವೆ.

ಗೆದ್ದ ಬಾಹುಬಲಿಯ ನಡೆ ಇದಕ್ಕೆ ವಿರುದ್ಧವಾದುದು. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದೂ ಹಿರಿಯನೆಂಬ ಗೌರವದಿಂದ ಅವನು ನೆಲಕ್ಕೆ ಅಪ್ಪಳಿಸಲಿಲ್ಲವೆಂದು ಜಿನಸೇನರು ಹೇಳುತ್ತಾರೆ. ಹೇಮಚಂದ್ರನಲ್ಲಿ ಕೊಲ್ಲಲೆಂದು ಎತ್ತಿದ ಮುಷ್ಟಿಯಿಂದಲೇ ಬಾಹುಬಲಿಯು ತನ್ನ ಕೇಶವನ್ನು ಲುಂಚನ ಮಾಡಿಕೊಳ್ಳುತ್ತಾನೆ. ಬಲ ಅವನ ಕೈಗೆ ಬಂದ ಕ್ಷಣವೇ ಸಂಯಮದ ಕ್ಷಣವಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನ ಉಂಟಾಗಲಿಲ್ಲ. ಕಾರಣವನ್ನು ಕುಂದಕುಂದಾಚಾರ್ಯರ ಭಾವಪಾಹುಡವು ಮಾನಕಷಾಯವೆಂದು ಸೂಚಿಸುತ್ತದೆ. ಜಿನಸೇನರ ವಿವರಣೆ ಬೇರೆ: ಭರತನು ನನ್ನಿಂದ ಸಂಕ್ಲೇಶಗೊಂಡನೆಂಬ ಸ್ನೇಹಭಾವದ ನೋವು ಅವನ ಹೃದಯದಲ್ಲಿ ಉಳಿದಿತ್ತು, ಭರತನು ಬಂದು ಪೂಜಿಸಿದಾಗ ಅದು ಕರಗಿತು. ಈ ಎರಡನೆಯ ವಿವರಣೆಯನ್ನು ವಿದ್ವಾಂಸರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಬಾಹುಬಲಿಯು ಆಕ್ರಮಿಸಿದವನಲ್ಲ, ನಿಯಮ ಮುರಿದವನಲ್ಲ, ಕೊಂದವನೂ ಅಲ್ಲ. ಆದರೂ ಎದುರಾಳಿಗೆ ಆದ ನೋವು ಅವನಲ್ಲಿ ಶೇಷವಾಗಿ ಉಳಿಯಿತು. ನ್ಯಾಯವಾದ ಪ್ರತಿರೋಧವೂ ಶೇಷರಹಿತವಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ.

ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳನ್ನು ಕಾಳಗಗಳಲ್ಲಿ ಗಳಿಸಿದ ಗಂಗಸೇನಾನಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ 58 ಅಡಿಯ ಮೂರ್ತಿಯಾಗಿ ನಿಲ್ಲಿಸಿದ್ದು ಚಕ್ರ ಹಿಡಿದ ಭರತನನ್ನಲ್ಲ. ಗೆದ್ದು ಬಿಟ್ಟ ಬಾಹುಬಲಿಯನ್ನು. ಯುದ್ಧವನ್ನು ಬಲ್ಲವನೊಬ್ಬನ ಆಯ್ಕೆಯೆಂದು ಇದನ್ನು ಗೌರವದಿಂದ ಕಾಣಬೇಕು.

5. ಹಿಂಸಾವಿಚಾರ ಮತ್ತು ಪ್ರಶ್ನೆಗೆ ಸಮಾಧಾನ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮ ವಾಚಕರಿಗೆ ಪರಿಚಿತವೇ ಆಗಿದೆ. ಅಣುವ್ರತಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಶಾಸ್ತ್ರ ಒಪ್ಪುತ್ತದೆ. ಒಪ್ಪುವುದೆಂದರೆ ಅದನ್ನು ಅಹಿಂಸೆಯೆಂದು ಕರೆಯುವುದಲ್ಲ. ಇದು ಅನೇಕರು ಎಡವುವ ಸ್ಥಳ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಮತ್ತಯೋಗದಿಂದ ಪ್ರಾಣವನ್ನು ಬೇರ್ಪಡಿಸುವುದನ್ನು ಹಿಂಸೆಯೆಂದು ನಿರೂಪಿಸುತ್ತದೆ. ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯವು ಇದನ್ನೇ ವಿಸ್ತರಿಸಿ, ಒಂದೇ ಕ್ರಿಯೆಯಿಂದ ಇಬ್ಬರಿಗೆ ಭಾವಭೇದಾನುಸಾರ ಬೇರೆಬೇರೆ ಫಲವಾಗುವುದನ್ನು ತೋರಿಸುತ್ತದೆ. ಈ ದೃಷ್ಟಿಯಿಂದ ಅಸಮಯುದ್ಧದಲ್ಲಿ ಇಬ್ಬರಿಗೂ ಬೇರೆಬೇರೆ ಪ್ರಮಾದಗಳು ಕಾದಿವೆ. ಬಲಿಷ್ಠನ ಪ್ರಮಾದವು ಔದಾಸೀನ್ಯ: ತನಗೆ ಅಪಾಯವಿಲ್ಲದಾಗ ಕೊಲ್ಲುವುದು ಕೆಲಸದಂತಾಗುತ್ತದೆ, ಯಾರು ಸತ್ತರೆಂದು ನೋಡುವ ಎಚ್ಚರ ಮಂದವಾಗುತ್ತದೆ. ದುರ್ಬಲನ ಪ್ರಮಾದವು ದ್ವೇಷ: ಬಯಲಿನಲ್ಲಿ ನಿಲ್ಲಲಾಗದವನು ಜನರ ನಡುವೆ ಅಡಗಿ, ಶಸ್ತ್ರವಿಲ್ಲದವರ ಮೇಲೆ ಕೈಮಾಡಿ, ತನ್ನ ದೌರ್ಬಲ್ಯವನ್ನೇ ಅನುಮತಿಪತ್ರವೆಂದು ಭಾವಿಸುತ್ತಾನೆ. ಯಶಸ್ತಿಲಕದ ನಿಯಮವು ಇಬ್ಬರಿಗೂ ಅನ್ವಯಿಸುತ್ತದೆ. ದೀನನನ್ನು ಕೊಂದ ಬಾಣ ಬಡವನ ಬಿಲ್ಲಿನಿಂದ ಬಂದರೂ ಅದು ದೀನನನ್ನು ಕೊಂದ ಬಾಣವೇ.

ಇನ್ನು ಉಪಕರಣವನ್ನು ಮಾಡಿಕೊಡುವವನ ಸ್ಥಿತಿ. ಜೀವಾಧಿಕರಣದ 108 ಭೇದಗಳಲ್ಲಿ ಕೃತ, ಕಾರಿತ, ಅನುಮತ ಮೂರೂ ಸೇರಿವೆ. ಹಿಂಸೋಪಕರಣವನ್ನು ಸ್ವೀಕರಿಸುವುದನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಆಧಿಕರಣಿಕೀ ಕ್ರಿಯೆಯೆಂದು ಎಣಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕತ್ತಿ, ಬೆಂಕಿ, ಆಯುಧ ಮೊದಲಾದ ವಧಸಾಧನಗಳನ್ನು ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ಆದರೆ ಇಲ್ಲಿ ಅನರ್ಥ ಎಂಬ ಪದವನ್ನು ಗಮನಿಸಬೇಕು. ಪ್ರಯೋಜನವಿಲ್ಲದೆ ಮಾಡುವ ಪಾಪಯೋಗದಿಂದ ನಿವೃತ್ತಿಯೇ ಆ ವ್ರತದ ಸ್ವರೂಪ. ಹಾಗಾದರೆ ಸಂಬಳ ಕೊಡುವುದು ಒಂದು ಪ್ರಯೋಜನವಲ್ಲವೇ, ದೇಶರಕ್ಷಣೆ ಪ್ರಯೋಜನವಲ್ಲವೇ ಎಂಬ ವಾದ ಬರುತ್ತದೆ. ದೇಶರಕ್ಷಣೆ ಪ್ರಯೋಜನವೆಂಬುದನ್ನು ನಾನು ಒಪ್ಪುತ್ತೇನೆ. ಚಾವುಂಡರಾಯನನ್ನು ಶ್ರಾವಕನೆಂದು ಗೌರವಿಸುವವರು ಅದನ್ನು ನಿರಾಕರಿಸುವಂತಿಲ್ಲ. ಲಾಭ ಮಾತ್ರ ಆ ಅರ್ಥದಲ್ಲಿ ಪ್ರಯೋಜನವಲ್ಲ. ಹಾಗಿದ್ದಿದ್ದರೆ ಆಯುಧವ್ಯಾಪಾರಿಯೆಲ್ಲರೂ ಆ ವ್ರತದಿಂದ ಪಾರಾಗುತ್ತಿದ್ದರು, ವ್ರತವೇ ಅರ್ಥಶೂನ್ಯವಾಗುತ್ತಿತ್ತು.

ಆದುದರಿಂದ ಜಿಗಣಿಯ ಶ್ರಾವಕರಿಗೆ ನಾನು ಹೇಳಿದ್ದು ಇಷ್ಟು. ಮೊದಲನೆಯದಾಗಿ, ಈ ವಸ್ತು ಯಾರ ಕೈಗೆ ಹೋಗುತ್ತದೆ, ಬಂದ ಆಕ್ರಮಣವನ್ನು ತಡೆಯಲೋ ಅಥವಾ ದುಡ್ಡು ಕೊಟ್ಟ ಯಾರಿಗಾದರೂ ಮಾರಲೋ ಎಂಬುದನ್ನು ಕೇಳಿ ತಿಳಿಯಿರಿ. ಕೇಳದೆ ಮಾಡುವುದೇ ಪ್ರಮಾದ. ಎರಡನೆಯದಾಗಿ, ಅದನ್ನು ಪ್ರಯೋಗಿಸುವವರು ಯೋಧ ಅಯೋಧರ ಭೇದವನ್ನು ಪಾಲಿಸಲು ಬದ್ಧರಾದವರೇ ಎಂಬುದನ್ನು ವಿಚಾರಿಸಿರಿ. ಮೂರನೆಯದಾಗಿ, ಎರಡಕ್ಕೂ ಸಮಾಧಾನಕರ ಉತ್ತರ ಬಂದು ನೀವು ಕೆಲಸವನ್ನು ಒಪ್ಪಿಕೊಂಡರೂ ಅದನ್ನು ನಿರ್ದೋಷವೆಂದು ಭಾವಿಸಬೇಡಿರಿ. ಪ್ರತಿಕ್ರಮಣದಲ್ಲಿ ಅದಕ್ಕೊಂದು ಸ್ಥಳವಿರಲಿ. ಉತ್ತರ ಬಾರದಿದ್ದರೆ ಬಿಟ್ಟುಬಿಡಿರಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ಮನೆಗಳ ಒಲೆಯ ಪ್ರಶ್ನೆಯೂ ಇದೆ, ಪಂಡಿತರೇ" ಎಂದರು. ಅದು ನಿಜವಾದ ಮಾತು; ಅದಕ್ಕೆ ಉತ್ತರವಾಗಿ ಹೇಳಬಲ್ಲ ಗ್ರಂಥವಾಕ್ಯ ನನ್ನಲ್ಲಿ ಇರಲಿಲ್ಲ. ಕೆಲವು ದಿನಗಳ ಮೇಲೆ ಅವರು ಬರೆದ ಕಾಗದದಲ್ಲಿ, ಕೊಳ್ಳುವವರನ್ನು ಪ್ರಶ್ನೆಗಳನ್ನು ಕೇಳಿರುವುದಾಗಿಯೂ, ಉತ್ತರ ಇನ್ನೂ ಬಾರದಿರುವುದರಿಂದ ಆ ಕೆಲಸವನ್ನು ಯಂತ್ರಕ್ಕೆ ಏರಿಸದೆ ಇಟ್ಟಿರುವುದಾಗಿಯೂ, ಅಷ್ಟರಲ್ಲಿ ಬೇರೆ ಕೆಲಸ ಹುಡುಕುತ್ತಿರುವುದಾಗಿಯೂ ತಿಳಿಸಿದ್ದರು.

6. ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸಿದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ದುರ್ಬಲನಿಗೆ ಪ್ರತಿರೋಧದ ಅವಕಾಶವಿದೆ, ಆದರೆ ದೌರ್ಬಲ್ಯವು ಹಿಂಸೆಯನ್ನು ಶುದ್ಧಗೊಳಿಸದು. ಬಲಿಷ್ಠನಿಗೆ ಗೆಲ್ಲುವ ಶಕ್ತಿಯಿದೆ, ಆದರೆ ಆ ಶಕ್ತಿಯೇ ಅವನ ಮೇಲೆ ಸಂಯಮದ ಹೆಚ್ಚಿನ ಹೊರೆಯನ್ನು ಹೊರಿಸುತ್ತದೆ. ಇಬ್ಬರಿಗೂ ಯುದ್ಧದ ಶೇಷವನ್ನು ಕಳೆದುಕೊಳ್ಳುವ ಕರ್ತವ್ಯ ಉಳಿಯುತ್ತದೆ.

ಕೊನೆಯಲ್ಲಿ ಮತ್ತೆ ಬೇಗೂರಿಗೆ ಬರೋಣ. ಆ ಊರಿನಲ್ಲಿ ವೀರಗಲ್ಲಿನಷ್ಟು ಪ್ರಸಿದ್ಧವಾಗದ ತ್ರುಟಿತ ಶಾಸನವೊಂದಿದೆ. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನವ್ರತದಿಂದ ಮುಡಿಪಿದುದನ್ನು ಅದು ತಿಳಿಸುತ್ತದೆ. ನಾಗತ್ತರ ಎಂಬುದು ಪಟ್ಟದ ಹೆಸರೂ ಆಗಿದ್ದುದರಿಂದ ಇವಳ ತಂದೆಯೂ ತುಂಬೆಪಾಡಿಯ ವೀರನೂ ಒಬ್ಬನೇ ಎಂದು ಸಾಧಿಸುವ ಅವಶ್ಯಕತೆಯಿಲ್ಲ. ಆ ಪಟ್ಟದ ನೆರಳಿನಲ್ಲಿ ಎರಡು ಬಗೆಯ ಸಾವುಗಳು ಕಲ್ಲಿಗೇರಿದವೆಂಬುದು ಸಾಕು. ಒಬ್ಬನು ಆನೆಗೆ ಇದಿರಾಗಿ ಸತ್ತನು. ಅವನಿಗೆ ಹನ್ನೆರಡು ಹಳ್ಳಿಗಳ ಮನ್ನಣೆ ದೊರೆಯಿತು. ಮತ್ತೊಬ್ಬಳು ಯಾರಿಗೂ ಇದಿರಾಗದೆ ತನ್ನ ಕಷಾಯಗಳನ್ನು ಕೃಶಗೊಳಿಸಿ ದೇಹವನ್ನು ತೊರೆದಳು. ಅವಳಿಗೆ ಒಂದು ನಿಷಿಧಿ. ಮೊದಲನೆಯ ಕಲ್ಲನ್ನು ಓದಿದವರು ಎರಡನೆಯದನ್ನೂ ಓದಬೇಕೆಂಬುದು ಈ ಲೇಖಕನ ವಿನಂತಿ.